ಮೊಸರಿನ ಪಕ್ಕ ಇಟ್ಟ ಬಾಟಲಿ

ಹಂದಿಗಳಿಗೆ ಗರ್ಭ ಕಟ್ಟಿಸುವುದು ನನ್ನ ಕೆಲಸ. ಮಾಕಳಿ ದಾಟಿ ಒಳಗೆ ಹೋದರೆ ಒಬ್ಬ ಗೌಡರ ಫಾರಂ ಇದೆ. ಸುತ್ತಲಿನ ಹೊಲಗಳೆಲ್ಲ ಸೈಟುಗಳಾಗಿವೆ. ಗಂಡು ಹಂದಿಯ ವೀರ್ಯ ಬೇರೆ ಕಡೆಯಿಂದ ಪ್ಲಾಸ್ಟಿಕ್ ಬಾಟಲಿಯಲ್ಲಿ ಬರುತ್ತದೆ, ನಾನದನ್ನು ಪೈಪಿನ ಮೂಲಕ ಹೆಣ್ಣಿನೊಳಗೆ ಬಿಡುತ್ತೇನೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಅದೂ ಹೋಯಿತು. ಏನೂ ಅನ್ನಿಸದೆ ದಿನ ದೂಡುವುದಕ್ಕೆ ಜನ ನೆಮ್ಮದಿ ಎನ್ನುತ್ತಾರೆ. ಎನ್ನಲಿ ಬಿಡಿ.

ನಾವು ಬಾಗಲಕೋಟೆ ಕಡೆಯವರು. ಚಿಕ್ಕಬಾಣಾವರದ ಬಾಡಿಗೆ ಮನೆಯಲ್ಲಿ ನಾನು, ಅವ್ವ ಇಬ್ಬರೇ. ಒಳಗೆ ಮೊಟ್ಟೆಯೂ ಬರುವಂತಿಲ್ಲ. ನಾನು ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡುವ ಹಾಗಿಲ್ಲ. ಹಂದಿ ಎಂಬ ಮಾತನ್ನೇ ಅವ್ವ ಬಾಯಿಗೆ ತರುತ್ತಿರಲಿಲ್ಲ. ಅಕ್ಕಪಕ್ಕದವರಿಗೆ "ದನದ ಡಾಕ್ಟರ್ ಕೈಯಾಗ ಕೆಲಸಕ್ಕ ಅದಾನ" ಎಂದು ಹೇಳಿ ಮುಗಿಸಿಬಿಟ್ಟಿದ್ದಳು.

ಫಾರಂನಲ್ಲಿ ಕಿವಿ ಹರಿದ ಒಂದು ಹೆಣ್ಣು ಹಂದಿಯಿತ್ತು. ಎರಡು ಸಲ ಬೆದೆಗೆ ಬಂದಾಗಲೂ ವೀರ್ಯ ಬಿಟ್ಟಿದ್ದೆ, ಗರ್ಭ ಕಟ್ಟಿರಲಿಲ್ಲ. ಈ ಸಲವೂ ಕಟ್ಟದಿದ್ದರೆ ಕಟುಕರ ವ್ಯಾನಿಗೆ ಎಂದು ಗೌಡರು ಹೇಳಿಯಾಗಿತ್ತು. ಮೂರನೆಯ ಸಲ ಬೆದೆಗೆ ಬಂದಾಗ ಬಾಟಲಿ ಬಸ್ಸಿನಲ್ಲಿ ಯಶವಂತಪುರ ತಲುಪಿದ್ದು ಸಂಜೆಗೆ. ಥರ್ಮಾಕೋಲ್ ಡಬ್ಬಿಯನ್ನು ಮನೆಗೆ ತಂದು ಚಪ್ಪಲಿ ಬಿಡುವ ಮೂಲೆಯಲ್ಲಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಡಬ್ಬಿ ಖಾಲಿ.

"ಏನ್ ಧಗಿನಪಾ ರಾತ್ರಿ! ಕೆಟ್ಟೀತಂತ ಫ್ರಿಜ್‌ನ್ಯಾಗ ಇಟ್ಟೇನಿ," ಎಂದಳು ಅವ್ವ.

ಬಾಟಲಿ ಮೊಸರಿನ ಪಾತ್ರೆಯ ಪಕ್ಕದಲ್ಲಿತ್ತು. ದಿನಾ ವಿಭೂತಿ ಹಚ್ಚಿ ಪೂಜೆಗೆ ಕೂರುವವಳು, ಅದೇನೆಂದು ಗೊತ್ತಿದ್ದೂ ತನ್ನ ಕೈಯಾರೆ ಎತ್ತಿಟ್ಟಿದ್ದಳು. ಹಂದಿಯ ವೀರ್ಯ ಹಾಲಲ್ಲ, ಫ್ರಿಜ್ಜಿನ ಚಳಿಗೆ ಸತ್ತೇ ಹೋಗುತ್ತದೆ. ಹಾಗೆಂದು ಹೇಳಿದೆ, ಈ ಸಲ ಕಟ್ಟದಿದ್ದರೆ ಹಂದಿ ಕಟುಕರ ಪಾಲು ಎಂಬುದನ್ನೂ ಹೇಳಿದೆ. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿದ್ದರೂ ಅವ್ವ ಅದನ್ನು ತಿರುವಿಹಾಕಲಿಲ್ಲ.

"ಹಂಗಾರ ಆ ಹಂದಿ?" ಎಂದು ಕೇಳಿದಳು.

ಇನ್ನೊಂದು ಬಾಟಲಿ ತರಿಸುವಷ್ಟರಲ್ಲಿ ಬೆದೆ ಇಳಿದಿರುತ್ತಿತ್ತು. ಗೌಡರಿಗೆ ಇದ್ದದ್ದು ಇದ್ದಹಾಗೆ ಹೇಳಿದೆ. "ಇರಾದ್ನೇ ಬುಟ್ಬುಡಪ್ಪ. ಕಟ್ಟಿದ್ರೆ ಕಟ್ಟುತ್ತೆ, ಇಲ್ದಿದ್ರೆ ವ್ಯಾನು ಐತಲ್ಲ," ಎಂದರು. ಬಿಟ್ಟೆ.

ಆಮೇಲೆ ದಿನವೂ ಸಂಜೆ ಅವ್ವನದು ಒಂದೇ ಪ್ರಶ್ನೆ, ಗಬ್ಬ ಆತೇನಪಾ ಎಂದು. ಗೊತ್ತಾಗಲು ಮೂರು ವಾರ ಬೇಕವ್ವಾ ಎಂದರೂ ಬಿಡುತ್ತಿರಲಿಲ್ಲ. ನನಗೆ ರೇಗುತ್ತಿತ್ತು.

ಮೂರು ವಾರಕ್ಕೆ ಅದು ಮತ್ತೆ ಬೆದೆಗೆ ಬಂತು. ಅಂದರೆ ಗರ್ಭ ಕಟ್ಟಿಲ್ಲ. ಗೌಡರು ವ್ಯಾನು ಕರೆಸಿದರು. ವ್ಯಾನಿನವನು ಬೆನ್ನಿನ ಮೇಲೆ ಕೈಯೂರಿ ನೂಕಿದ. ಬೆದೆಯಲ್ಲಿರುವ ಹಂದಿಯ ಬೆನ್ನು ಒತ್ತಿದರೆ ಗಂಡೇ ಬಂತೆಂದು ಅದು ಅಲುಗಾಡದೆ ನಿಂತುಬಿಡುತ್ತದೆ. ಅವನಿಗೇನು ಗೊತ್ತು, ಬೈದು ಕೋಲೆತ್ತಿದ. ನಾನು ಹೋಗಿ, ಬೆದೆ ಗುರುತಿಸಲೆಂದಷ್ಟೇ ಫಾರಂನಲ್ಲಿ ಇಟ್ಟುಕೊಂಡಿದ್ದ ಮುದಿ ಗಂಡು ಹಂದಿಯನ್ನು ಹೊಡೆದುಕೊಂಡು ಬಂದು ವ್ಯಾನಿನ ಆಚೆ ಬದಿಗೆ ನಿಲ್ಲಿಸಿದೆ. ಅದರ ವಾಸನೆ ಹಿಡಿದು ಹೆಣ್ಣು ತಾನಾಗಿಯೇ ಹಲಗೆ ಹತ್ತಿ ಒಳಗೆ ಹೋಯಿತು. ಬಾಗಿಲು ಹಾಕಿದವನೂ ನಾನೇ. ಏನೂ ಅನ್ನಿಸಲಿಲ್ಲ. ಏಟು ತಿನ್ನದೆ ಹತ್ತಿತಲ್ಲ ಅಂದುಕೊಂಡೆ, ಅಷ್ಟೇ.

ಸಂಜೆ ಸ್ನಾನ ಮುಗಿಸಿ ಊಟಕ್ಕೆ ಕೂತೆ.

"ಇವತ್ತರ ಗೊತ್ತಾತೇನಪಾ?"

"ಗೊತ್ತಾತವ್ವಾ. ಗಬ್ಬ ಆಗೇತಿ."

ಅವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಆಮೇಲೆ ಎದ್ದು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ಮೇಲೆ ಬೆಣ್ಣೆಯಿಟ್ಟಳು.

"ಎಷ್ಟ್ ಮರಿ ಹಾಕ್ತೈತಿ?"

"ಹತ್ತರ ಹಾಕ್ತೈತಿ."

"ಹಾಕಿದ ದಿನ ನನ್ನೂ ಕರಕೊಂಡು ಹೋಗಪಾ. ಒಮ್ಮೆ ಕಣ್ಣಾರೆ ನೋಡಿ ಬರ್ತೀನಿ."

ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಇಟ್ಟೆ. ಹೂಂ ಎಂದೆ.