ಅಪೊಂಡಿಯ ಎಂಬತ್ತೆಂಟನೆಯ ದಿನ

ಅಪೊಂಡಿ ಕುರ್ಚಿಯಲ್ಲಿ ಪೂರ್ತಿ ಕೂತದ್ದನ್ನು ನಾನು ಕಂಡಿಲ್ಲ. ನಾವಿಬ್ಬರೂ ಓದುವಾಗ ಇದ್ದ ಸಿಸ್ಟರುಗಳ ಹಾಸ್ಟೆಲಿನಲ್ಲಿ ಪ್ರಾರ್ಥನೆಯ ನಡುವೆಯೂ ಅವಳ ಕಾಲು ಕುಣಿಯುತ್ತಿತ್ತು. ಮೊಣಕಾಲೂರುವುದು ಬೇರೆ, ಮೊಣಕಾಲಾಡಿಸುವುದು ಬೇರೆ ಎಂದು ಸಿಸ್ಟರ್ ಗದರುತ್ತಿದ್ದರು. ಈಗ ನಲವತ್ತೆಂಟಾದರೂ ಅದೇ ಕುಣಿತ. ಮ್ಬಿಟಾ ಊರಿನ ಸರೋವರದ ದಡದಲ್ಲಿ ಅವಳದೊಂದು ಫೋನ್ ರಿಪೇರಿ ಅಂಗಡಿ, ಮೂಲೆಯಲ್ಲಿ ಹಳೆಯ ಕಂಪ್ಯೂಟರು.

ಆ ಕಂಪ್ಯೂಟರಿನಲ್ಲಿ ಅವಳು ನಡೆಸುವುದು ಒಂದು ಒರಾಕಲ್ ನೋಡ್. ನಮ್ಮ ದೋಣಿಗಳ ವಿಮೆ ಬ್ಲಾಕ್‌ಚೈನ್ ಎಂಬ ಕಂಪ್ಯೂಟರ್ ಲೆಕ್ಕದ ಪುಸ್ತಕದಲ್ಲಿದೆ. ಅಲ್ಲಿ ಒಮ್ಮೆ ಬರೆದದ್ದನ್ನು ಯಾರೂ ಅಳಿಸಲಾಗದು. ಆದರೆ ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ದಡದಲ್ಲಿ ಅವಳು ನೆಟ್ಟ ಗಾಳಿ ಅಳೆಯುವ ಕಂಬದಿಂದ ತಿಳಿದು, ಸರೋವರದ ಮೇಲೆ ಗಾಳಿ ಎಷ್ಟೆಂದು ದಿನಾ ಮಧ್ಯಾಹ್ನ ಹನ್ನೆರಡಕ್ಕೆ ನೋಡ್ ಹೇಳಬೇಕು. ಗಾಳಿ ಜೋರಿದ್ದರೆ, ದಡ ಬಿಡದ ದೋಣಿಗಳಿಗೆ ಪರಿಹಾರ. ತೊಂಬತ್ತು ದಿನ ತಪ್ಪದೆ ಹೇಳಿದರೆ ಮೀನುಗಾರರ ಸಂಘ ಕೆಲಸವನ್ನು ಅವಳಿಗೇ ಖಾಯಂ ಮಾಡುತ್ತದೆ. ಒಂದು ದಿನ ಹನ್ನೆರಡಕ್ಕೆ ಸುಮ್ಮನಾದರೂ ಎಣಿಕೆ ಮೊದಲಿನಿಂದ.

ಎಂಬತ್ತೆಂಟನೆಯ ದಿನ ಬೆಳಿಗ್ಗೆ ನೋಡಿನ ಹೊಸ ಆವೃತ್ತಿ ಬಂತು. ಅದು ಬರುವುದು ಕಂಟೇನರ್ ಎಂಬ ಸಾಫ್ಟ್‌ವೇರ್ ಪೊಟ್ಟಣದಲ್ಲಿ. ನಾವು ಹಾಸ್ಟೆಲಿಗೆ ಒಯ್ಯುತ್ತಿದ್ದ ತಗಡಿನ ಟ್ರಂಕಿನಂತೆ, ಬೇಕಾದದ್ದೆಲ್ಲ ಒಳಗೇ. ಹಳೆಯದನ್ನು ನಿಲ್ಲಿಸಿ ಹೊಸದನ್ನು ಶುರು ಮಾಡಿದಳು. ಪರದೆಯ ಮೇಲೆ ಗಾಳಿ: ಸೊನ್ನೆ. ಹೊರಗೆ ಅಂಗಡಿಯ ತಗಡು ಪಟಪಟ ಎನ್ನುತ್ತಿತ್ತು.

ಬಾಗಿಲಲ್ಲಿ ದೋಣಿಯ ಒವಿಟಿ ಇಣುಕಿದ. "ಹೊಸ ಪೆಟ್ಟಿಗೇಲಿ ಗಾಳಿ ಸಿಕ್ಕೊಂಡಿರ್ಬೇಕು. ಮುಚ್ಚಳ ತೆಗಿ ತಾಯಿ."

"ಮೊದ್ಲು ನಿನ್ನ ಬಾಯಿ ಮುಚ್ಚು. ಅಲ್ಲಿಂದ್ಲೇ ಗಂಟೆಗೆ ಇಪ್ಪತ್ತು ಕಿಲೋಮೀಟರ್ ಬೀಸ್ತಿದೆ."

ಕಂಟೇನರ್ ಅಳಿಸಿದಳು, ಮತ್ತೆ ಹಾಕಿದಳು. ಎದ್ದಳು, ಕೂತಳು, ಚಹಾ ಚೆಲ್ಲಿದಳು. ಕೊನೆಗೆ ಹಳೆಯ ಆವೃತ್ತಿಯನ್ನೇ ವಾಪಸು ತಂದಳು. ಅದೂ ಸೊನ್ನೆ ಎಂದಿತು. ಹನ್ನೆರಡಕ್ಕೆ ನಾಲ್ಕು ನಿಮಿಷವಿತ್ತು.

"ಸೊನ್ನೆನೇ ಹೋಗ್ಲಿ ಬಿಡೇ," ಎಂದೆ ನಾನು. "ನಿನ್ನ ದಿನ ಆದ್ರೂ ಉಳಿಯುತ್ತೆ."

"ಅಳ್ಸೋಕಾಗಲ್ಲ ಕಣೇ ಅದು. ನಲವತ್ತು ದೋಣಿ ದಡದಲ್ಲಿ ಕೂತಿವೆ. ಗಾಳಿನೇ ಇಲ್ಲ ಅಂತ ನಾನು ಬರೀಲಾ?"

ನೋಡ್ ತಾನಾಗಿ ಸೊನ್ನೆ ಕಳಿಸದಂತೆ ಕಂಟೇನರನ್ನು ನಿಲ್ಲಿಸಿದಳು. ಹನ್ನೆರಡು ಹೊಡೆಯಿತು, ನೋಡ್ ಮಾತಾಡಲಿಲ್ಲ. ಹುಟ್ಟಿದಾಗಿನಿಂದ ಸುಮ್ಮನಿರದವಳು ಅಂದು ತಾನಾಗಿ ಸುಮ್ಮನಾದಳು, ಅದೂ ಇಂಥ ಹೊತ್ತಿನಲ್ಲಿ.

ಆಮೇಲೆ ಗಾಳಿ ಅಳೆಯುವ ಕಂಬದತ್ತ ಓಡಿದಳು. ನಾನು ಏದುಸಿರು ಬಿಡುತ್ತ ಹಿಂದೆ ಹೋದೆ. ಕಂಬದ ತುದಿಯಲ್ಲಿ ತಿರುಗಬೇಕಾದ ಬಟ್ಟಲುಗಳಿಗೆ ಒಮೆನಾ ಮೀನಿನ ಒದ್ದೆ ಬಲೆ ಸುತ್ತಿಕೊಂಡಿತ್ತು. ಕೆಳಗೆ ಮಿನ್ ಒಡುವೊರ್, ಅಂದರೆ ಒಡುವೊರನ ತಾಯಿ, ಮೀನು ಹರವುತ್ತಿದ್ದಳು.

"ಇದ್ಯಾಕಮ್ಮಾ ಇಲ್ಲಿ ಹಾಕ್ದೆ?" ಎಂದಳು ಅಪೊಂಡಿ.

"ಒಣಗ್ಲಿ ಅಂತ. ಊರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಗಾಳಿ ಬರೋದು ಇಲ್ಲೇ ಅಂತ ನೀನೇ ತಾನೇ ಕಂಬ ನೆಟ್ಟಿದ್ದು?"

ಇಬ್ಬರೂ ಸೇರಿ ಬಲೆ ಬಿಡಿಸಿದರು. ಹನ್ನೆರಡೂ ಇಪ್ಪತ್ತೈದಕ್ಕೆ, ಮತ್ತೆ ಶುರು ಮಾಡಿದ ನೋಡ್ ಗಂಟೆಗೆ ಮೂವತ್ತನಾಲ್ಕು ಕಿಲೋಮೀಟರ್ ಎಂದಿತು. ತಡವಾದ ಮಾತನ್ನೂ ವಿಮೆ ಸಂಜೆಯವರೆಗೆ ಒಪ್ಪುತ್ತದೆ. ನಲವತ್ತು ದೋಣಿಗಳಿಗೂ ಪರಿಹಾರ ಸಿಕ್ಕಿತು. ಅಪೊಂಡಿಯ ಎಣಿಕೆ ಮಾತ್ರ ಅದನ್ನು ಒಪ್ಪಲಿಲ್ಲ.

ಮರುದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಎಂದು ಬರೆದಳು. ದಡದ ಆಚೆ ತುದಿಯಲ್ಲಿ ಮಿನ್ ಒಡುವೊರ್ ಬಲೆ ಒಣಹಾಕಲೆಂದು ಇನ್ನೊಂದು ಕಂಬ ನೆಟ್ಟಳು. ತನ್ನದಕ್ಕಿಂತ ಒಂದು ಮೊಳ ಎತ್ತರದ್ದು.