ಕೊನೆಯ ಮೇಜಿನ ಬಿರಡೆ

ಹೆಂಡತಿಯ ಅಣ್ಣನ ಮಕ್ಕಳು ಅವನಿಗೆ ಇಟ್ಟ ಹೆಸರು ‘ತಂತಿ ಮಾವ’. ಬರಬರುತ್ತಾ ದೊಡ್ಡವರೂ ಅದನ್ನೇ ಹಿಡಿದುಕೊಂಡರು. ಕಚೇರಿಗಳಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಂತಿ ಎಳೆಯುವುದು ಅವನ ಕಸುಬು. ಹದಿನೆಂಟು ವರ್ಷ ಮೇಜುಗಳ ಕೆಳಗೆ ಮಂಡಿಯೂರಿ ಬದುಕಿದ ಆಸಾಮಿ; ಸಾಹೇಬರ ಮುಖಕ್ಕಿಂತ ಅವರ ಬೂಟುಗಳೇ ಅವನಿಗೆ ಚೆನ್ನಾಗಿ ಗೊತ್ತಿದ್ದವು.

ಹೆಂಡತಿಯ ಮನೆಯಲ್ಲಿ ಅವನಿಗೆ ಕವಡೆ ಕಿಮ್ಮತ್ತೂ ಇರಲಿಲ್ಲ. ಒಮ್ಮೆ ಎಲ್ಲರೂ ಊಟಕ್ಕೆ ಕೂತಿದ್ದಾಗ, “ಕಂಪ್ಯೂಟರ್ ಜಾಲ ಒಂದೇ ಕಟ್ಟಡದೊಳಗಿದ್ರೆ ಅದು ಲ್ಯಾನು, ಊರೂರು ದಾಟಿ ಹೋದ್ರೆ ವ್ಯಾನು” ಎಂದು ವಿವರಿಸಲು ಹೊರಟ. ದೊಡ್ಡ ಭಾವ ತಟ್ಟೆಯಿಂದ ತಲೆ ಎತ್ತದೆ, “ವ್ಯಾನಿದ್ರೆ ನಮ್ಮನ್ನೂ ಕೂರಿಸ್ಕೊಂಡು ಹೋಗಪ್ಪಾ” ಎಂದ. ಮನೆಯೆಲ್ಲ ನಕ್ಕಿತು. ಅವನೂ ನಕ್ಕ, ಆದರೆ ಅರ್ಧ ತಟ್ಟೆ ಬಿಟ್ಟು ಕೈ ತೊಳೆಯಲು ಎದ್ದ.

ಅವನು ನೋಡಿಕೊಳ್ಳುತ್ತಿದ್ದ ಕಚೇರಿಗಳಲ್ಲಿ ವಾಹನ ನೋಂದಣಿ ಕಚೇರಿಯೂ ಒಂದು. ಎಂಟು ಮೇಜು, ಎಂಟು ಕಂಪ್ಯೂಟರು, ಎಲ್ಲಕ್ಕೂ ಸೇರಿ ಗೋಡೆಯುದ್ದಕ್ಕೂ ಓಡುವ ಒಂದೇ ಕಪ್ಪು ತಂತಿ. ಅದರ ಎರಡೂ ತುದಿಗೆ ಬೆರಳ ತುದಿಯಷ್ಟು ದಪ್ಪದ ಲೋಹದ ಬಿರಡೆ. ಬಟ್ಟೆ ಒಣಹಾಕುವ ಹಗ್ಗದ ಹಾಗೆ ಈ ಜೋಡಣೆ: ಒಂದು ತುದಿ ಸಡಿಲವಾದರೆ ಅಷ್ಟೂ ಬಟ್ಟೆ ನೆಲದ ಪಾಲು. ಒಂದು ಬಿರಡೆ ಕಳಚಿದರೆ ಎಂಟೂ ಕಂಪ್ಯೂಟರುಗಳು ಒಟ್ಟಿಗೆ ಬಾಯಿ ಮುಚ್ಚುತ್ತಿದ್ದವು.

ಮೊದಲ ಸಲ ಅದು ತಾನಾಗಿಯೇ ಕಳಚಿತ್ತು. ಹೊರಗೆ ಬಾಗಿಲವರೆಗೆ ಸರದಿ, ಒಳಗೆ ಕೂಗಾಟ. ಅವನು ಬಂದ, ಕೊನೆಯ ಮೇಜಿನ ಕೆಳಗೆ ನುಸುಳಿದ, ಬಿರಡೆ ತಿರುಗಿಸಿದ, ಎದ್ದ. ಎರಡು ನಿಮಿಷದ ಕೆಲಸ. ಸಾಹೇಬರು ತಾವೇ ಕುರ್ಚಿ ಎಳೆದು ಕೊಟ್ಟರು. “ನೀವಿಲ್ದಿದ್ರೆ ನಮ್ಮ ಗತಿ ಏನ್ರೀ?”

ಹುಟ್ಟಿದಾಗಿನಿಂದ ಯಾರೂ ಅವನಿಗೆ ಆ ಮಾತು ಹೇಳಿರಲಿಲ್ಲ. ಹಿಗ್ಗಿ ಹೀರೇಕಾಯಿಯಾಗಿ, ಏನಾದರೂ ಹೇಳಬೇಕಲ್ಲ ಎಂದು ಹೇಳಿದ: “ಏನಿಲ್ಲ ಸಾರ್, ಕಾಲು ತಾಗಿರ್ಬೇಕು ಅಷ್ಟೆ.” ಎಲ್ಲರ ಕಣ್ಣೂ ಕೊನೆಯ ಮೇಜಿನ ಗುಮಾಸ್ತೆಯ ಕಡೆ ತಿರುಗಿದವು. ಆಕೆ ತಟ್ಟನೆ ಕಾಲು ಹಿಂದಕ್ಕೆಳೆದುಕೊಂಡಳು.

ಮುಂದಿನ ತಿಂಗಳು ಯಂತ್ರಗಳ ಧೂಳು ಒರೆಸಲು ಬಂದವನು ಹೊರಡುವ ಮುಂಚೆ ಆ ಬಿರಡೆಯನ್ನು ಅರ್ಧ ಸುತ್ತು ಸಡಿಲಿಸಿದ. ಯಾಕೆ ಹಾಗೆ ಮಾಡಿದೆ ಎಂದು ಬಹುಶಃ ಅವನೂ ತನ್ನನ್ನು ಕೇಳಿಕೊಳ್ಳಲಿಲ್ಲ. ಮೂರನೆಯ ದಿನ ಕರೆ ಬಂತು. ಮತ್ತೆ ಕುರ್ಚಿ, ಮತ್ತೆ ಬಿಸಿ ಚಹಾ, ಮತ್ತೆ “ನೀವಿಲ್ದಿದ್ರೆ”. ಮೂರು ವರ್ಷದಲ್ಲಿ ಏಳು ಸಲ ಹೀಗೆ ಮಾಡಿದ. ಕಳ್ಳನಾದರೂ ಕದ್ದ ಮನೆಗೆ ಮತ್ತೆ ಹೋಗಲು ಅಂಜುತ್ತಾನೆ, ಈ ಮಹಾಶಯ ಹೋಗಿ ಚಹಾ ಕುಡಿದು ಬರುತ್ತಿದ್ದ.

ಅಷ್ಟರಲ್ಲಿ ಗುಮಾಸ್ತೆಗೆ ‘ಒದೆಯೋ ಮೇಡಂ’ ಎಂದು ಹೆಸರು ಬಿದ್ದಿತ್ತು. ಆಕೆ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದು, ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಕೆಲಸ ಮಾಡತೊಡಗಿದಳು. ಅವನು ಬಂದಾಗಲೆಲ್ಲ ಎದ್ದು ನಿಂತು, “ಅಣ್ಣಾ, ನನ್ನಿಂದ ನಿಮಗೆ ತೊಂದ್ರೆ. ಹೇಗೆ ತಾಗತ್ತೋ ನಂಗೇ ಗೊತ್ತಾಗಲ್ಲ” ಎನ್ನುತ್ತಿದ್ದಳು. “ಇರ್ಲಿ ಬಿಡಮ್ಮಾ” ಎಂದು ಅವನು ದೊಡ್ಡ ಮನಸ್ಸು ಮಾಡಿ ಕ್ಷಮಿಸುತ್ತಿದ್ದ!

ಕೊನೆಗೆ ಹೊಸ ಜೋಡಣೆ ಮಂಜೂರಾಯಿತು. ಮಧ್ಯದಲ್ಲೊಂದು ಪೆಟ್ಟಿಗೆ, ಅದರಿಂದ ಪ್ರತಿ ಮೇಜಿಗೂ ಬೇರೆಬೇರೆ ತಂತಿ. ನಕ್ಷೆ ಬರೆಯಲು ಕುಳಿತವನ ಮುಂದೆ ಸಾಹೇಬರು ಪಟ್ಟಿ ಇಟ್ಟರು. ಅದರಲ್ಲಿ ಏಳೇ ಮೇಜು.

“ಒಂದು ಬಿಟ್ಟುಹೋಗಿದೆ ಸಾರ್.”

“ಬಿಟ್ಟಿಲ್ಲ. ಒದೆಯೋ ಮೇಡಂನ ಹಳೇ ಕಡತದ ಕೋಣೆಗೆ ಹಾಕಿದೀನಿ. ಹೊಸ ಮಾಲು, ಆಯಮ್ಮನ ಕಾಲಿಗೆ ಸಿಕ್ಕೋದು ಬೇಡ.”

ಕಡತದ ಕೋಣೆಗೆ ಕಿಟಕಿಯಿರಲಿಲ್ಲ. ಅಲ್ಲಿಗೆ ಹೋದವರನ್ನು ಮತ್ತೆ ಯಾರೂ ನೆನೆಯುತ್ತಿರಲಿಲ್ಲ. ಅವನು ಪೆನ್ಸಿಲನ್ನು ಕಾಗದದಿಂದ ಮೇಲೆತ್ತಿದ. ಮೊದಲು ಅಡ್ಡದಾರಿ ಹುಡುಕಿದ: “ಇದರಲ್ಲಿ ಹಾಗಾಗಲ್ಲ ಸಾರ್. ಒಂದು ತಂತಿ ಕಿತ್ತುಬಂದ್ರೂ ಉಳಿದವು ನಡೀತಾವೆ. ಎಷ್ಟು ಒದ್ದರೂ ಚಿಂತೆಯಿಲ್ಲ.”

“ಅದಕ್ಕೇ ಒದೆಯೋರನ್ನ ಇಟ್ಕೋಬೇಕಾ?” ಸಾಹೇಬರು ನಕ್ಕರು. ಆಚೆ ಮೇಜುಗಳವರೂ ನಕ್ಕರು. ಆಕೆ ತಲೆ ತಗ್ಗಿಸಿ ಖಾನೆಯಲ್ಲಿದ್ದ ತನ್ನ ಸಾಮಾನನ್ನು ಚೀಲಕ್ಕೆ ತುಂಬುತ್ತಿದ್ದಳು: ಬಾಚಣಿಗೆ, ನೀರಿನ ಬಾಟಲಿ, ಮಗಳ ಚಿತ್ರ.

ಆ ನಗು ಅವನಿಗೆ ಗೊತ್ತಿತ್ತು. ಊಟದ ತಟ್ಟೆಯ ಮುಂದೆ ತಾನು ಕೇಳಿದ ನಗುವೇ ಅದು. ಎದ್ದು ನಿಂತ.

“ಸಾರ್, ಅದು ಅವರ ಕಾಲಲ್ಲ. ನನ್ನ ಕೈ.”

ಏಳು ಸಲವನ್ನೂ ಹೇಳಿದ. ಅರ್ಧ ಸುತ್ತನ್ನೂ ಹೇಳಿದ. ಯಾಕೆ ಎಂದು ಸಾಹೇಬರು ಕೇಳಿದರು. ಒಂದು ಕುರ್ಚಿಗಾಗಿ ಎಂದು ಹೇಗೆ ಹೇಳುವುದು? ಸಾಹೇಬರು ಬಾಯಿಗೆ ಬಂದಂತೆ ಬೈದರು. ಈ ಕೆಲಸ ಮುಗಿಸಿ ಹೊರಟರೆ ಮತ್ತೆ ಈ ಮೆಟ್ಟಿಲು ಹತ್ತಕೂಡದು ಎಂದರು. ಪೆನ್ಸಿಲ್ ಕಿತ್ತುಕೊಂಡು ನಕ್ಷೆಯಲ್ಲಿ ಎಂಟನೆಯ ಮೇಜಿನ ಗೆರೆಯನ್ನು ತಾವೇ ಎಳೆದರು.

ಆಕೆ ಚೀಲದಿಂದ ಸಾಮಾನು ತೆಗೆದು ಮತ್ತೆ ಖಾನೆಯಲ್ಲಿ ಜೋಡಿಸಿದಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಮಾರನೆಯ ದಿನ ಅವನು ಕೊನೆಯ ಮೇಜಿನ ಕೆಳಗೆ ನುಸುಳಿ ಬಿರಡೆ ಕಳಚಿ ಜೇಬಿಗೆ ಹಾಕಿಕೊಂಡ, ಹೊಸ ತಂತಿಯನ್ನು ಗೋಡೆಗೆ ಬಿಗಿದ. ಆಕೆ ಅವತ್ತೂ ಬರಿಗಾಲಲ್ಲಿ, ಕಾಲು ಮಡಚಿಯೇ ಕೂತಿದ್ದಳು.

“ಇನ್ನು ಕಾಲು ಕೆಳಗೆ ಬಿಡಮ್ಮಾ. ಏನೂ ಆಗಲ್ಲ” ಎಂದ, ಅಲ್ಲಿಂದಲೇ.

ಆಕೆಯ ಕಾಲು ಕೆಳಗಿಳಿಯಲಿಲ್ಲ. ಮೇಲಿಂದ ಮೆತ್ತಗೆ ದನಿ ಬಂತು: “ಆಗಲ್ಲ ಅಣ್ಣಾ. ಮನೇಲೂ ಹೀಗೇ ಕೂರೋದು ಈಗ. ‘ಕಾಲು ನೋವಾ ಅಮ್ಮಾ’ ಅಂತ ಮಗಳು ಕೇಳ್ತಾ ಇರ್ತಾಳೆ.”

ಕೆಲಸ ಮುಗಿದಿತ್ತು. ಆದರೂ ಅವನು ಬಹಳ ಹೊತ್ತು ಮೇಜಿನ ಕೆಳಗಿಂದ ಹೊರಬರಲಿಲ್ಲ.