ಅತ್ತೆಯ ಅರ್ಧ ಬೈಗುಳ

ಮಂಚದ ಕೆಳಗೆ ಎಷ್ಟು ಎಳನೀರು ಸೇರಿವೆ ಎಂಬುದರ ಮೇಲೆ ರೋಗಿಯ ಘನತೆಯನ್ನು ಅಳೆಯುವ ಜನ ನಾವು. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ನನ್ನ ಸೋದರತ್ತೆ ಗೌರಮ್ಮ ಮಲಗಿದ್ದಾಗ ಅವಳ ಮಂಚದ ಬಳಿ ಚಪ್ಪಲಿ ಬಿಡಲೂ ಜಾಗವಿರಲಿಲ್ಲ. ಮಂಚ ಕಿಟಕಿಯ ಪಕ್ಕದಲ್ಲಿತ್ತು. ಆ ಕೋಣೆಗೆ ಕಿಟಕಿಯೇ ಇರಲಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಎಲ್ಲವನ್ನೂ ಸಂಶಯಿಸಬೇಕೆಂದು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನು ನಾನು. ದೇವರಿಂದ ಶುರುವಾದ ಆ ಚಟ ಈಗ ನನ್ನ ನೆನಪಿನ ಬುಡಕ್ಕೇ ಬಂದು ನಿಂತಿದೆ. ಆದ್ದರಿಂದ ಗೆಳೆಯರೇ, ಬೇಕಾದರೆ ಕಿಟಕಿಯನ್ನು ಕಿತ್ತುಹಾಕಿ. ಅತ್ತೆಯ ಮಾತನ್ನು ಮಾತ್ರ ನಂಬಿ.

ಮುದಗಲ್ಲಿನ ನಮ್ಮ ಓಣಿಯಲ್ಲಿ ಅವಳ ಬೈಗುಳ ಪ್ರಸಿದ್ಧ. ಅಂಗಳಕ್ಕೆ ಬಂದ ಕೋಳಿಯನ್ನು ಬೈಯಲು ತೊಡಗಿದರೆ ಅದರ ಒಡೆಯನ ಅಜ್ಜನಿಗೂ ಮುಟ್ಟಿಸಿಯೇ ಬಿಡುತ್ತಿದ್ದಳು. ಅಂಥವಳು, ಹೊಟ್ಟೆಯ ಕ್ಯಾನ್ಸರ್ ವಾಸಿಯಾಗುವ ಹಂತ ದಾಟಿದ ಮೇಲೆ, ಕಣ್ಣು ಮುಚ್ಚಿ ಮೌನವಾಗಿಬಿಟ್ಟಳು. ನಮ್ಮದು ಶಿವಭಕ್ತರ ಮನೆತನ. ಅವಳು ಧ್ಯಾನಕ್ಕಿಳಿದಿದ್ದಾಳೆ ಎಂದು ಯಾರೋ ಅಂದರು, ಸಂಜೆಯ ಹೊತ್ತಿಗೆ ಎಲ್ಲರೂ ನಂಬಿದರು. ಸಂತೆಕಲ್ಲೂರಿನ ಬೀಗರು, ಮಸ್ಕಿಯ ನೆಂಟರು ಬಂದು ಹಣೆಗೆ ವಿಭೂತಿ ಬಳಿದು, ಪಾದ ಮುಟ್ಟಿ ಹೋಗತೊಡಗಿದರು. "ಅವ್ವ ಒಮ್ಮೆನೂ ಉಸ್ ಅಂದಿಲ್ಲ ನೋಡ್ರಿ" ಎಂದು ಮಗ ಶರಣಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ನಾನೂ ಪಾದ ಮುಟ್ಟಿದೆನೇ? ನೆನಪಿಲ್ಲ. ಇಂಥ ಕಡೆ ನನ್ನ ಮರೆವು ಬಹಳ ಉಪಕಾರಿ.

ಆ ಪಾವಿತ್ರ್ಯವನ್ನು ಕೆಡಿಸಿದವಳು ಪಕ್ಕದ ಮನೆಯ ಮೆಹಬೂಬ್ಬಿ. ಜೀವಮಾನವಿಡೀ ನಳದ ನೀರಿಗಾಗಿ ಅತ್ತೆಯೊಂದಿಗೆ ಜಗಳಾಡುತ್ತ, ರಂಜಾನಿಗೆ ತಪ್ಪದೆ ಸುರಕುಂಬಾ ಪಾಯಸ ಕಳಿಸುತ್ತ ಬಂದವಳು. ಬಂದವಳೇ ಮಂಚದ ತುದಿಗೆ ಕೂತು ಕೆಣಕಿದಳು:

"ಏನ್ಬೇ ಗೌರಕ್ಕ, ನೀ ಇಲ್ಲಿ ಮಲಗೀದಿ ಅಂತ ನಿನ್ನ ಪಾಳಿ ನೀರೂ ನಾನ ತುಂಬ್ಕೊಳ್ಳಾಕತ್ತೀನಿ!"

ಉತ್ತರವಿಲ್ಲ. ಮೆಹಬೂಬ್ಬಿ ತಟ್ಟನೆ ಎದ್ದು ಶರಣಪ್ಪನ ಕಡೆ ತಿರುಗಿದಳು.

"ಶರಣಪ್ಪಾ, ಇದು ಧ್ಯಾನ ಅಲ್ಲೋ. ನನಗ ಕಡೀ ಮಾತು ಬಿಟ್ಟುಕೊಡೋ ಹೆಣ್ಮಗಳಲ್ಲ ಇಕಿ. ಬಾಯಿ ತೆರಿಲಾರದಂಥ ನೋವೈತಿ. ಡಾಕ್ಟರ್‌ನ ಕರಿ!"

ಬಂದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಾಗಿ, ನೋವಿದೆಯೇ ಎಂದು ಕೇಳಿದಾಗ ಅತ್ತೆ ಕಣ್ಣು ತೆರೆಯದೆಯೇ ಹೌದೆಂದು ತಲೆಯಾಡಿಸಿದಳು. ಡಾಕ್ಟರ ಬಾಯಲ್ಲಿ ಮಾರ್ಫಿನ್ ಎಂಬ ನೋವಿನ ಔಷಧದ ಹೆಸರು ಕೇಳಿದ್ದೇ ತಡ, ಶರಣಪ್ಪ ಅಡ್ಡ ನಿಂತ.

"ಬ್ಯಾಡ್ರಿ ಮೇಡಂ, ಅದು ಕಡೀ ಔಷಧ. ಕೊಟ್ರ ನಾನ ಅವ್ವನ್ನ ಕಳಿಸಿದಂಗ ಆಕ್ಕೈತಿ."

"ರೋಗ ಹೋಗಂಗಿಲ್ಲ, ಖರೆ. ನೋವು ಇಳಿಸಬಹುದಲ್ರಿ. ಅಳತಿ ನೋಡಿ ಕೊಡ್ತೀವಿ, ದಿನಾ ನಾನ ಬಂದು ನೋಡ್ತೀನಿ. ನಿಮ್ಮ ಅವ್ವನ್ನ ಕೇಳೀರೇನು?"

ಯಾರೂ ಕೇಳಿರಲಿಲ್ಲ. ವಾಸಿಯಾಗುವುದಾದರೆ ಔಷಧ, ಆಗದಿದ್ದರೆ ನಮಸ್ಕಾರ. ಇವೆರಡರ ನಡುವೆ ಉಳಿದ ದಿನಗಳ ನೆಮ್ಮದಿಯೆಂಬುದೊಂದಿದೆ ಎಂದು ನಮಗೆ ತೋಚಿರಲೇ ಇಲ್ಲ. ಹಾಸಿಗೆಯಲ್ಲಿರುವವರ ಇಷ್ಟಾನಿಷ್ಟಗಳನ್ನು ನಾವೆಲ್ಲ ಕಾರಿಡಾರಿನಲ್ಲಿ ನಿಂತು ಊಹಿಸುತ್ತಿದ್ದೆವು. ಶರಣಪ್ಪ ಅಳುಕುತ್ತ ಬಾಗಿದ.

"ಅವ್ವಾ, ಕೊಡಸ್ಲೇನು?"

"ಮಂದಿ ಮಾತು ಏನ್ ಕೇಳ್ತೀಯಲೇ?" ಅತ್ತೆಯ ದನಿ ದಾರದಷ್ಟು ತೆಳ್ಳಗಿತ್ತು. "ಹೊಟ್ಟಿ ನಂದು. ಕೊಡಸು."

ಮರುದಿನವೋ ಅದರ ಮಾರನೆಯ ದಿನವೋ, ಅವಳು ದಿಂಬಿಗೆ ಒರಗಿ ಕೂತು ಗಂಜಿ ಕುಡಿದಳು. ಬಳಿಕ ಹಣೆ ಮುಟ್ಟಿ ನೋಡಿಕೊಂಡಳು.

"ಇದೇನು ಹಣಿ ಅಂತ ತಿಳಿದೀರೋ ಗ್ವಾಡಿ ಅಂತ ತಿಳಿದೀರೋ? ಸುಣ್ಣ ಬಳದಂಗ ಬಳದೀರಿ!"

ಶರಣಪ್ಪ ಅಳುತ್ತ ನಕ್ಕ. ರೋಗ ಒಂದು ಗೇಣೂ ಹಿಂದೆ ಸರಿದಿರಲಿಲ್ಲ, ಅದು ನಮಗೂ ಗೊತ್ತಿತ್ತು, ಅವಳಿಗೂ. ಆದರೆ ನಮ್ಮ ಅತ್ತೆ ನಮಗೆ ಮರಳಿ ಸಿಕ್ಕಿದ್ದಳು. ಅವಳು ಅಂದೂ ನೋಡಲು ಬಂದಿದ್ದ ಮೆಹಬೂಬ್ಬಿಯ ಕಡೆ ತಿರುಗಿದಳು.

"ನೀ ಒಬ್ಬಾಕಿ, ನನ್ನ ಪಾಳಿ ನೀರು ತುಂಬ್ಕೊಂತೀ ಹೌದಿಲ್ಲೋ? ನಿನ್ನ ಆ ಹಿತ್ತಾಳಿ ಕೊಡಾನ ನಾ..."

ಅಲ್ಲಿಗೆ ನಿದ್ದೆ ಬಂದಿತು. ಶರಣಪ್ಪ ಗಾಬರಿಯಾಗಿ ಮೂಗಿನ ಬಳಿ ಬೆರಳು ಹಿಡಿಯುವಷ್ಟರಲ್ಲಿ ಗೊರಕೆ ಕೇಳಿಸಿತು, ಎಷ್ಟೋ ದಿನಗಳ ಬಾಕಿ ನಿದ್ದೆಯ ಧಾರಾಳ ಗೊರಕೆ. ಎಬ್ಬಿಸಬೇಡವೆಂದು ಮೆಹಬೂಬ್ಬಿ ಸನ್ನೆ ಮಾಡಿದಳು. ಹೊರಗೆ ಅವಳು ಹಿಡಿಯಬೇಕಿದ್ದ ಮುದಗಲ್ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ತನ್ನ ಕೊಡವನ್ನು ಗೌರಕ್ಕ ಏನು ಮಾಡುವವಳೆಂದು ಕೇಳದೆ ಹೋಗುವುದಾದರೂ ಹೇಗೆ? ಅವಳು ಚಪ್ಪಲಿ ಬಿಚ್ಚಿ, ಕಾಲು ಮಡಚಿ ಕೂತು, ಬಸ್ಸನ್ನು ಹೋಗಗೊಟ್ಟಳು.